ಮನೆಗೆ ಸ್ಕ್ಯಾನರ್ ಕೊಳ್ಳುವ ಮುನ್ನ: ಬಾಕ್ಸ್ ಮೇಲಿನ ಅಂಕಿಗಿಂತ ಟ್ರಂಕಿನಲ್ಲಿರುವ ಕಾಗದ ನೋಡಿ

"ಮನೆಗೆ ಸ್ಕ್ಯಾನರ್ ತಗೋಬೇಕು, ಎಷ್ಟು ಡಿಪಿಐದು ತಗೊಳ್ಳೋಣ?" ಬೆಳಗಾವಿ, ಬಾಗಲಕೋಟೆ, ವಿಜಯಪುರದ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಬಾಕ್ಸ್ ಮೇಲೆ ದಪ್ಪಗೆ ಅಚ್ಚಾದ 2400, 4800 ಎಂಬ ಡಿಪಿಐ (ಒಂದು ಇಂಚಿನಲ್ಲಿ ಓದುವ ಚುಕ್ಕಿಗಳ) ಅಂಕಿ ನೋಡಿ ಯಂತ್ರ ತಂದವರು ಆಮೇಲೆ ಒದ್ದಾಡುವುದು ಡಿಪಿಐ ಸಾಲದೆ ಅಲ್ಲ. ಛಾಪಾ ಕಾಗದ ಗಾಜಿನ ಮೇಲೆ ಹಿಡಿಸುವುದಿಲ್ಲ. ಆಲ್ಬಮ್ಮಿನ ನಡುಭಾಗ ಮಸುಕಾಗಿ ಬರುತ್ತದೆ. ಹೊಸ ಕಂಪ್ಯೂಟರಿಗೆ ಯಂತ್ರ ಕಾಣಿಸುವುದೇ ಇಲ್ಲ. ತೊಂದರೆಗಳು ಇಂಥವು. ಆದ್ದರಿಂದ ಆಯ್ಕೆ ಅಂಗಡಿಯಲ್ಲಿ ಶುರುವಾಗಬಾರದು, ಮನೆಯ ಟ್ರಂಕಿನಿಂದ ಶುರುವಾಗಬೇಕು.

ಹಂತ 1: ಏನೇನಿದೆ ಎಂದು ವಿಂಗಡಿಸಿ, ಅಳೆಯಿರಿ

ಒಂದು ಅಳತೆಪಟ್ಟಿ ಹಿಡಿದು ಕೂತು, ಕಾಗದಗಳನ್ನು ಗುಂಪು ಮಾಡಿ. ಬಿಡಿ ಎ4 ಹಾಳೆಗಳು, ಅಂದರೆ ಈಚಿನ ಉತಾರ, ಬ್ಯಾಂಕಿನ ಪತ್ರ, ಮಾರ್ಕ್ಸ್ ಕಾರ್ಡ್ ಒಂದು ಗುಂಪು. ಛಾಪಾ ಕಾಗದದ ಮೇಲಿನ ಖರೀದಿ ಪತ್ರ, ವಾಟ್ನಿ ಪತ್ರ, ಕೋರ್ಟಿನ ಕಾಗದ ಇನ್ನೊಂದು. ಬಿಡಿ ಫೋಟೊ ಬೇರೆ, ಆಲ್ಬಮ್ಮಿಗೆ ಅಂಟಿದ ಅಥವಾ ಕಟ್ಟು ಹಾಕಿಸಿದ ಫೋಟೊ ಬೇರೆ. ಸ್ಟುಡಿಯೋದವರು ಕೊಟ್ಟ ನೆಗೆಟಿವ್ ಪಟ್ಟಿಗಳಿದ್ದರೆ ಅವನ್ನು ಪ್ರತ್ಯೇಕ ಇಡಿ. ಹೊಲಿದ ಲೆಕ್ಕದ ವಹಿ, ಊರಿನ ನಕಾಶೆ, ಜಾತಕದ ಸುರುಳಿ ಇದ್ದರೆ ಅವುಗಳದ್ದೂ ಉದ್ದ ಅಗಲ ಬರೆದುಕೊಳ್ಳಿ.

ಪ್ರತಿ ಗುಂಪಿನ ಮುಂದೆ ಎರಡೇ ವಿಷಯ ಬರೆಯಿರಿ: ಅತಿ ದೊಡ್ಡ ಕಾಗದದ ಅಳತೆ, ಅಂದಾಜು ಸಂಖ್ಯೆ. ಐವತ್ತು ಹಾಳೆಗೆ ಬೇಕಾದ ಯಂತ್ರವೇ ಬೇರೆ, ಮೂರು ಸಾವಿರ ಹಾಳೆಗೆ ಬೇಕಾದದ್ದೇ ಬೇರೆ.

ನಮ್ಮ ಭಾಗಕ್ಕೆ ಕೆಲವು ವಿಶೇಷಗಳಿವೆ. 1956ರ ರಾಜ್ಯ ಪುನರ್‌ವಿಂಗಡಣೆಗೆ ಮುಂಚೆ ಈ ಪ್ರದೇಶ ಮುಂಬಯಿ ರಾಜ್ಯದಲ್ಲಿತ್ತು. ಹೀಗಾಗಿ ಅನೇಕ ಮನೆಗಳ ಹಳೆಯ ದಾಖಲೆ ಮರಾಠಿಯಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿವೆ. ಮೋಡಿಯ ಕೂಡುಬರಹ ಸಣ್ಣ ಗೆರೆಯದು. ಮಸಿ ಮಾಸಿದ್ದರೆ ಸಾಮಾನ್ಯ ಸ್ಕ್ಯಾನಿನಲ್ಲಿ ಗೆರೆಯೇ ಮಾಯವಾಗುತ್ತದೆ. ಬಾಗಲಕೋಟೆ ಸುತ್ತಮುತ್ತ ಆಲಮಟ್ಟಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ಬಳಿ ಪರಿಹಾರದ ಕಾಗದಗಳ ಜೊತೆ ಹಳೆಯ ಮನೆ, ಓಣಿಯ ಫೋಟೊಗಳಿರುತ್ತವೆ. ಆ ಜಾಗಕ್ಕೆ ಹೋಗಿ ಮತ್ತೊಂದು ಫೋಟೊ ತೆಗೆಯುವಂತಿಲ್ಲ. ಇಂಥವನ್ನು ಪಟ್ಟಿಯಲ್ಲಿ ಮೊದಲಿಗೆ ಬರೆಯಿರಿ. ಯಂತ್ರ ಇವಕ್ಕೆ ಹೊಂದಬೇಕು, ಉಳಿದವು ಹೇಗೋ ನಡೆಯುತ್ತವೆ.

ಹಂತ 2: ಸೆನ್ಸರ್ ಯಾವುದೆಂದು ತಿಳಿಯಿರಿ

ಸ್ಕ್ಯಾನರಿನೊಳಗೆ ಚಿತ್ರವನ್ನು ಓದುವ ಭಾಗಕ್ಕೆ ಸೆನ್ಸರ್ ಎನ್ನುತ್ತಾರೆ. ಕಾಗದವನ್ನು ಗಾಜಿನ ಮೇಲೆ ಬೋರಲು ಇಟ್ಟು ಮುಚ್ಚಳ ಮುಚ್ಚುವ ಯಂತ್ರ ಫ್ಲಾಟ್‌ಬೆಡ್. ಈ ಫ್ಲಾಟ್‌ಬೆಡ್‌ಗಳಲ್ಲಿ ಎರಡು ಬಗೆಯ ಸೆನ್ಸರ್ ಇರುತ್ತವೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಇಡೀ ಖರೀದಿಯ ಅತಿ ಮುಖ್ಯ ನಿರ್ಧಾರ ಇದೇ.

ಮೊದಲನೆಯದು ಸಿಐಎಸ್. ಇಲ್ಲಿ ಸೆನ್ಸರಿನ ಪಟ್ಟಿ ಗಾಜಿನ ಕೆಳಗೇ, ಬಹುತೇಕ ತಾಗಿಕೊಂಡಂತೆ ಓಡಾಡುತ್ತದೆ. ಕೆಂಪು, ಹಸಿರು, ನೀಲಿ ಎಲ್‌ಇಡಿಗಳು ಒಂದಾದಮೇಲೊಂದು ಹೊತ್ತಿ ಬಣ್ಣ ಓದುತ್ತವೆ. ಯಂತ್ರ ತೆಳು, ಹಗುರ, ಬೆಲೆಯೂ ಕಡಿಮೆ. ಹಲವು ಮಾದರಿಗಳಿಗೆ ಬೇರೆ ಕರೆಂಟು ಬೇಕಿಲ್ಲ, ಒಂದೇ ಯುಎಸ್‌ಬಿ ಕೇಬಲ್ಲಿನಲ್ಲಿ ಎಲ್ಲ ನಡೆಯುತ್ತದೆ. ಲೋಡ್ ಶೆಡ್ಡಿಂಗ್ ಇರುವ ಊರಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆಯೇ ಕೆಲಸ ಮುಂದುವರಿಸಬಹುದು, ಇದು ಸಣ್ಣ ಅನುಕೂಲವಲ್ಲ. ಕ್ಯಾನನ್ನಿನ ಲೈಡ್ 300, ಲೈಡ್ 400 ಈ ಬಗೆಯವು. ಕೊರತೆ ಒಂದೇ: ಗಾಜಿಗೆ ಸಪಾಟಾಗಿ ಅಂಟಿಕೊಂಡದ್ದು ಮಾತ್ರ ಚೊಕ್ಕ ಬರುತ್ತದೆ. ಕೆಲವೇ ಮಿಲಿಮೀಟರ್ ಮೇಲೆದ್ದರೂ ಮಸುಕು.

ಎರಡನೆಯದು ಸಿಸಿಡಿ. ಇಲ್ಲಿ ಕನ್ನಡಿಗಳು ಮತ್ತು ಒಂದು ಲೆನ್ಸ್ ಸೇರಿ ಚಿತ್ರವನ್ನು ಕುಗ್ಗಿಸಿ ಸಣ್ಣ ಚಿಪ್ ಮೇಲೆ ಬೀಳಿಸುತ್ತವೆ. ಲೆನ್ಸ್ ಇರುವುದರಿಂದ ಗಾಜಿನಿಂದ ತುಸು ಮೇಲಿರುವುದೂ ಸ್ಪಷ್ಟವಾಗಿ ಕಾಣುತ್ತದೆ. ಯಂತ್ರ ದಪ್ಪ, ಭಾರ, ಪ್ರತ್ಯೇಕ ಅಡಾಪ್ಟರ್ ಬೇಕು, ಬೆಲೆ ಸಿಐಎಸ್‌ಗಿಂತ ಕೆಲವು ಪಟ್ಟು ಹೆಚ್ಚು. ಎಪ್ಸನ್ನಿನ ಪರ್ಫೆಕ್ಷನ್ ವಿ600 ಈ ಬಗೆಯದು. ಅದರ ಮುಚ್ಚಳದಲ್ಲಿಯೂ ದೀಪವಿದ್ದು, ನೆಗೆಟಿವ್ ಓದಬಲ್ಲದು.

ನಿರ್ಧಾರ ಹೀಗೆ ಮಾಡಿ. ನಿಮ್ಮ ಪಟ್ಟಿಯಲ್ಲಿ ಬಿಡಿ ಹಾಳೆ, ಬಿಡಿ ಫೋಟೊಗಳೇ ಇದ್ದರೆ ಸಿಐಎಸ್ ಧಾರಾಳ ಸಾಕು, ಹೆಚ್ಚು ಹಣ ಸುರಿಯಬೇಡಿ. ದಪ್ಪ ಆಲ್ಬಮ್, ಹೊಲಿದ ವಹಿ, ಸುರುಳಿಯಾದ ಹಳೇ ಫೋಟೊ, ಕಟ್ಟಿನ ಗಾಜಿಗೆ ಅಂಟಿಹೋದ ಫೋಟೊ, ನೆಗೆಟಿವ್, ಇವುಗಳಲ್ಲಿ ಯಾವುದಾದರೂ ಹೆಚ್ಚಿದ್ದರೆ ಸಿಸಿಡಿ ಬೇಕು. ಇಂಥವು ಹತ್ತಿಪ್ಪತ್ತೇ ಇದ್ದರೆ ಸಿಐಎಸ್ ಯಂತ್ರವನ್ನೇ ತಂದು, ಆ ಹತ್ತಿಪ್ಪತ್ತನ್ನು ಒಳ್ಳೆಯ ಸ್ಟುಡಿಯೋದಲ್ಲಿ ನಿಮ್ಮ ಎದುರಿಗೇ ಮಾಡಿಸುವುದು ಲಾಭ.

ಎಚ್ಚರಿಕೆ: ಕಟ್ಟಿನ ಗಾಜಿಗೆ ಅಂಟಿದ ಫೋಟೊವನ್ನು ಸ್ಕ್ಯಾನಿಗೆಂದು ಕೀಳಲು ಹೋಗಬೇಡಿ. ಫೋಟೊ ಕಾಗದದ ಮೇಲಿನ ಜಿಲೆಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜನ್ನು ಹಿಡಿದುಕೊಂಡಿರುತ್ತದೆ. ಕಿತ್ತರೆ ಚಿತ್ರ ಗಾಜಿನ ಮೇಲೆಯೇ ಉಳಿದು, ಕಾಗದ ಮಾತ್ರ ಕೈಗೆ ಬರುತ್ತದೆ. ಗಾಜಿನ ಸಮೇತವೇ ಸ್ಕ್ಯಾನ್ ಮಾಡಿ.

ಹಂತ 3: ಗಾಜಿನ ಅಳತೆ

ಮನೆಬಳಕೆಯ ಫ್ಲಾಟ್‌ಬೆಡ್‌ಗಳ ಗಾಜು ಸಾಮಾನ್ಯವಾಗಿ 216×297 ಮಿ.ಮೀ. ಎ4 ಹಾಳೆ 210×297 ಮಿ.ಮೀ. ಆದ್ದರಿಂದ ಸರಿಯಾಗಿ ಕೂರುತ್ತದೆ. ಲೀಗಲ್ ಅಳತೆಯ ಹಾಳೆ 8.5×14 ಇಂಚು, ಅಂದರೆ 216×356 ಮಿ.ಮೀ. ಕೆಳಗಿನ ಆರು ಸೆಂಟಿಮೀಟರ್ ಹೊರಗೆ ಉಳಿಯುತ್ತದೆ. ಸಹಿ, ಸಾಕ್ಷಿಗಳ ಹೆಸರು, ಹೆಬ್ಬೆಟ್ಟಿನ ಗುರುತು ಇರುವುದು ಸಾಮಾನ್ಯವಾಗಿ ಆ ಆರು ಸೆಂಟಿಮೀಟರಿನಲ್ಲೇ.

ದಾರಿ ಮೂರಿವೆ. ಲೀಗಲ್ ಅಳತೆಯ ಗಾಜಿರುವ ಯಂತ್ರ ಕೊಳ್ಳುವುದು: ಕಚೇರಿ ಬಳಕೆಯ ಕೆಲವು ಮಾದರಿಗಳಲ್ಲಿ ಸಿಗುತ್ತದೆ, ವಿವರಪಟ್ಟಿಯಲ್ಲಿ ಗಾಜಿನ ಉದ್ದ 356 ಮಿ.ಮೀ. ಎಂದು ಇರಬೇಕು. ಎರಡನೆಯದು, ಕಾಗದ ಗಟ್ಟಿಯಾಗಿದ್ದು, ಕಳೆದರೂ ಮತ್ತೆ ಸಿಗುವಂಥದ್ದಾದರೆ ಶೀಟ್ ಫೀಡರಿನಲ್ಲಿ, ಅಂದರೆ ಹಾಳೆಯನ್ನು ತಾನೇ ಎಳೆದುಕೊಳ್ಳುವ ಭಾಗದಲ್ಲಿ, ಹಾಯಿಸುವುದು. ಮೂರನೆಯದು, ಮೇಲ್ಭಾಗ ಒಮ್ಮೆ, ಕೆಳಭಾಗ ಒಮ್ಮೆ ಸ್ಕ್ಯಾನ್ ಮಾಡಿ ಕೂಡಿಸುವುದು. ಎರಡೂ ಭಾಗದಲ್ಲಿ ನಾಲ್ಕೈದು ಸಾಲು ಸಮಾನವಾಗಿ ಬರಲಿ. ಹುಗಿನ್ ಎಂಬ ಉಚಿತ ತಂತ್ರಾಂಶ ಇಂಥ ತುಂಡುಗಳನ್ನು ಜೋಡಿಸುತ್ತದೆ. ಆದರೆ ಕೂಡಿಸಿದ ಪ್ರತಿಯ ಜೊತೆ ಎರಡೂ ಮೂಲ ತುಂಡುಗಳನ್ನು ಉಳಿಸಿಕೊಳ್ಳಿ, ನಾಳೆ ಯಾರಾದರೂ ನಡುವೆ ಸಾಲು ಬಿಟ್ಟಿದೆ ಎಂದರೆ ತೋರಿಸಲು ಬೇಕಾಗುತ್ತದೆ.

ವಿವರಪಟ್ಟಿಯಲ್ಲಿ "ಲೀಗಲ್" ಎಂದು ಬರೆದಿದ್ದರೆ ಅದು ಗಾಜಿಗೋ ಫೀಡರಿಗೋ ಎಂದು ಬಿಡಿಸಿ ಕೇಳಿ. ಆಲ್-ಇನ್-ಒನ್ ಪ್ರಿಂಟರುಗಳಲ್ಲಿ ಇದು ಬಹುತೇಕ ಫೀಡರಿಗೆ ಮಾತ್ರ ಅನ್ವಯಿಸುತ್ತದೆ.

ಮುಚ್ಚಳದ ಕೀಲನ್ನೂ ಎತ್ತಿ ನೋಡಿ. ದಪ್ಪ ಪುಸ್ತಕ ಇಟ್ಟಾಗ ಮುಚ್ಚಳ ಒಂದೇ ಬದಿಗೆ ಬಾಯಿ ತೆರೆಯದೆ, ಕೀಲು ಸಮೇತ ಮೇಲೆದ್ದು ಸಮನಾಗಿ ಕೂರಬೇಕು. ಎ3 ಅಳತೆಯ ನಕಾಶೆ ಒಂದೆರಡು ಇದ್ದರೆ ಅದಕ್ಕಾಗಿ ದೊಡ್ಡ ಯಂತ್ರ ಬೇಡ, ದೊಡ್ಡ ಅಳತೆಯ ಸ್ಕ್ಯಾನರ್ ಇರುವ ಝೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ.

ಹಂತ 4: ಡಿಪಿಐ ಲೆಕ್ಕ

ಡಿಪಿಐ ಎಂದರೆ ಒಂದು ಇಂಚಿನಲ್ಲಿ ಯಂತ್ರ ಎಷ್ಟು ಚುಕ್ಕಿ ಓದುತ್ತದೆ ಎಂಬುದು. ವಿವರಪಟ್ಟಿಯಲ್ಲಿ "ಆಪ್ಟಿಕಲ್" ಎಂದಿರುವ ಅಂಕಿ ಮಾತ್ರ ನೋಡಿ. "ಇಂಟರ್‌ಪೊಲೇಟೆಡ್" ಎಂದಿರುವುದು ತಂತ್ರಾಂಶ ನಡುವೆ ಊಹಿಸಿ ತುಂಬಿದ ಚುಕ್ಕಿಗಳ ಲೆಕ್ಕ, ಅದರಿಂದ ಒಂದೇ ಒಂದು ಅಕ್ಷರವೂ ಹೆಚ್ಚು ಸ್ಪಷ್ಟವಾಗುವುದಿಲ್ಲ.

ಎ4 ಹಾಳೆಯನ್ನು 300 ಡಿಪಿಐನಲ್ಲಿ ಓದಿದರೆ 2480×3508 ಚುಕ್ಕಿ. ಬಣ್ಣದಲ್ಲಿ, ಕುಗ್ಗಿಸದೆ ಉಳಿಸಿದರೆ ಸುಮಾರು 26 ಎಂಬಿ. 600ಕ್ಕೆ ಹೋದರೆ ಚುಕ್ಕಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು: 104 ಎಂಬಿ. 4800ರಲ್ಲಿ ಓದಿದರೆ ಒಂದೇ ಹಾಳೆ ಆರೂವರೆ ಜಿಬಿ ದಾಟುತ್ತದೆ, ಹೆಚ್ಚಿನ ಮನೆ ಕಂಪ್ಯೂಟರುಗಳು ಅಲ್ಲೇ ಕೂತುಬಿಡುತ್ತವೆ. ಬಾಕ್ಸ್ ಮೇಲಿನ ದೊಡ್ಡ ಅಂಕಿ ದಾಖಲೆಗೆ ಉಪಯೋಗವಿಲ್ಲ ಎನ್ನುವುದು ಇದಕ್ಕೇ.

ಹಾಗಾದರೆ ಎಷ್ಟು ಬೇಕು? ಸ್ಪಷ್ಟ ಅಚ್ಚಿನ ದಾಖಲೆಗೆ 300. ಮಾಸಿದ ಕೈಬರಹ, ಮೋಡಿ, ಸಣ್ಣ ಅಕ್ಷರದ ಮೊಹರು ಇದ್ದರೆ 400ರಿಂದ 600. 4×6 ಇಂಚಿನ ಫೋಟೊಗೆ 600 ಸಾಕು, 2400×3600 ಚುಕ್ಕಿ ಸಿಗುತ್ತದೆ, ಅದರಿಂದ 8×12 ಇಂಚಿನ ಹೊಸ ಪ್ರತಿ ಚೆನ್ನಾಗಿ ಬರುತ್ತದೆ. ಪಾಸ್‌ಪೋರ್ಟ್ ಅಳತೆಯ ಫೋಟೊವೊಂದೇ ಉಳಿದಿದ್ದು ಅದನ್ನು ದೊಡ್ಡದು ಮಾಡಿಸಬೇಕಾದರೆ 1200. ಹಿಂದಿನ ಬಾಕ್ಸ್ ಕ್ಯಾಮೆರಾದ 120 ಫಿಲ್ಮಿನಿಂದ ನೇರವಾಗಿ ಅಚ್ಚು ಹಾಕಿದ ಸಣ್ಣ ಕಪ್ಪು-ಬಿಳುಪು ಫೋಟೊಗಳಿಗೂ 1200 ಕೊಡಿ. ಹಿಗ್ಗಿಸದೆ ಅಚ್ಚಾದವು ಅವು, ವಿವರ ಗಟ್ಟಿಯಾಗಿ ತುಂಬಿರುತ್ತದೆ. ಸಾಮಾನ್ಯ ಬಣ್ಣದ ಪ್ರತಿಗಳಲ್ಲಿ 600ರ ಮೇಲೆ ಕಾಣುವುದು ಕಾಗದದ ಎಳೆ ಮಾತ್ರ.

35 ಮಿ.ಮೀ. ನೆಗೆಟಿವ್ ಬೇರೆಯೇ ಲೆಕ್ಕ. ಒಂದು ಚೌಕಟ್ಟು 24×36 ಮಿ.ಮೀ. ಅಷ್ಟೇ, ಆದ್ದರಿಂದ 2400ರಿಂದ 3200 ಬೇಕು. ಫ್ಲಾಟ್‌ಬೆಡ್‌ಗಳು 6400 ಎಂದು ಹೇಳಿಕೊಂಡರೂ ಫಿಲ್ಮಿನಿಂದ ನಿಜವಾಗಿ ಹೊರಡುವ ವಿವರ ಅದಕ್ಕಿಂತ ಬಹಳ ಕಡಿಮೆ. ವಿ600ರಂಥ ಯಂತ್ರಗಳಲ್ಲಿ ಧೂಳು, ಗೀರು ಅಳಿಸುವ ಡಿಜಿಟಲ್ ಐಸ್ ಎಂಬ ಸೌಲಭ್ಯವಿದೆ. ಅದು ಅವಗೆಂಪು (ಕಣ್ಣಿಗೆ ಕಾಣದ ಇನ್ಫ್ರಾರೆಡ್) ಬೆಳಕಿನಿಂದ ಧೂಳನ್ನು ಗುರುತಿಸುತ್ತದೆ. ಬಣ್ಣದ ನೆಗೆಟಿವಿಗೆ ಒಳ್ಳೆಯದು, ಆದರೆ ಹಳೆಯ ಕಪ್ಪು-ಬಿಳುಪು ನೆಗೆಟಿವಿನ ಬೆಳ್ಳಿಯ ಕಣಗಳೂ ಅವಗೆಂಪನ್ನು ತಡೆಯುವುದರಿಂದ ಚಿತ್ರವನ್ನೇ ಧೂಳೆಂದು ಅಳಿಸುತ್ತದೆ. ಅಲ್ಲಿ ಅದನ್ನು ಆಫ್ ಮಾಡಿಡಿ.

ಹಂತ 5: ಫೀಡರ್ ಬೇಕೇ? ಆಲ್-ಇನ್-ಒನ್ ಸಾಲದೇ? ಮೊಬೈಲ್?

ಹಾಳೆಗಳ ಕಟ್ಟನ್ನು ತಾನೇ ಒಂದೊಂದಾಗಿ ಎಳೆದುಕೊಳ್ಳುವ ಭಾಗಕ್ಕೆ ಎಡಿಎಫ್ ಅಥವಾ ಫೀಡರ್ ಎನ್ನುತ್ತಾರೆ. ನಿಮ್ಮ ಬಿಡಿ ಹಾಳೆಗಳು ನೂರಾರು ಇದ್ದರೆ ಮಾತ್ರ ಇದು ಬೇಕು. ಎರಡೂ ಬದಿಯನ್ನು ಒಂದೇ ಸಲ ಓದುವ ಫೀಡರ್ ಕೊಳ್ಳಿ. ಒಂದು ಬದಿ ಓದಿ, ಹಾಳೆಯನ್ನು ಒಳಗೇ ಮಗುಚಿ ಮತ್ತೆ ಓದುವವು ನಿಧಾನ, ಕಾಗದ ಸಿಕ್ಕಿಕೊಳ್ಳುವುದೂ ಹೆಚ್ಚು.

ಫೀಡರಿಗೆ ಹಾಕಬಾರದವು: ಫೋಟೊ, ಮಡಿಕೆಯಲ್ಲಿ ಹರಿದ ಕಾಗದ, ಟೇಪು ಹಚ್ಚಿದ್ದು, ತೆಳು ಕಾರ್ಬನ್ ಪ್ರತಿ, ಮತ್ತು ಕಳೆದುಕೊಂಡರೆ ಮತ್ತೆ ಸಿಗದ ಯಾವುದೇ ದಾಖಲೆ. ರಬ್ಬರ್ ರೋಲರಿನ ನಡುವೆ ಸಿಕ್ಕ ಹಳೆಯ ಛಾಪಾ ಕಾಗದ ಕ್ಷಣದಲ್ಲಿ ಸುಕ್ಕಾಗಿ ಹರಿಯುತ್ತದೆ. ಹಾಕುವ ಮುನ್ನ ಪಿನ್ನು, ಟಾಚಣಿ ಎಲ್ಲ ತೆಗೆಯಿರಿ, ಒಂದು ಪಿನ್ನು ಒಳಗಿನ ಗಾಜಿಗೆ ಶಾಶ್ವತ ಗೀರು ಹಾಕುತ್ತದೆ.

ಮನೆಯಲ್ಲಿ ಈಗಾಗಲೇ ಆಲ್-ಇನ್-ಒನ್ ಪ್ರಿಂಟರ್ ಇದ್ದರೆ ಹೊಸ ಸ್ಕ್ಯಾನರ್ ತರುವ ಮುಂಚೆ ಅದರಲ್ಲೇ ಒಂದು ಹಾಳೆ, ಒಂದು ಫೋಟೊ ಮಾಡಿ ನೋಡಿ. ಒಳಗಿರುವುದು ಸಾಮಾನ್ಯವಾಗಿ ಸಿಐಎಸ್ ಸೆನ್ಸರೇ. ಸಾಮಾನ್ಯ ದಾಖಲೆಗೆ, ಬಿಡಿ ಫೋಟೊಗೆ ಅದೇ ಸಾಕಾದೀತು. ಕೆಲವು ಮಾದರಿಗಳು ಶಾಯಿ ಮುಗಿದರೆ ಸ್ಕ್ಯಾನನ್ನೂ ನಿಲ್ಲಿಸುತ್ತವೆ, ಹೊಸದಾಗಿ ಕೊಳ್ಳುವುದಾದರೆ ಇದನ್ನು ಕೇಳಿಕೊಳ್ಳಿ.

ಮೊಬೈಲ್ ಕ್ಯಾಮೆರಾ ಅವಸರಕ್ಕೆ ಒಂದು ಅರ್ಜಿ ಕಳಿಸಲು ಸರಿ. ಕಾಯ್ದಿಡುವ ಪ್ರತಿಗೆ ಬೇಡ: ಬೆಳಕು ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ, ಅಂಚು ಸೊಟ್ಟ, ಎಲ್ಲಕ್ಕಿಂತ ಮುಖ್ಯವಾಗಿ ಕಾಗದದ ನಿಜ ಅಳತೆ ಉಳಿಯುವುದಿಲ್ಲ. ಹೊಲದ ನಕಾಶೆಯನ್ನು ಸ್ಕ್ಯಾನ್ ಮಾಡಿದ್ದರೆ ಅದೇ ಅಳತೆಯಲ್ಲಿ ಮತ್ತೆ ಮುದ್ರಿಸಬಹುದು. ಮೊಬೈಲಿನಲ್ಲಿ ಹೊಡೆದ ಚಿತ್ರದಿಂದ ಆಗದು.

ಹಂತ 6: ನಿಮ್ಮ ಕಂಪ್ಯೂಟರಿಗೆ ಡ್ರೈವರ್ ಇದೆಯೇ?

ಯಂತ್ರಕ್ಕೂ ಕಂಪ್ಯೂಟರಿಗೂ ಮಾತು ಕೂಡಿಸುವ ತಂತ್ರಾಂಶವೇ ಡ್ರೈವರ್. ಸ್ಕ್ಯಾನರುಗಳು ಕೆಡುವುದಕ್ಕಿಂತ ಹೆಚ್ಚಾಗಿ ಡ್ರೈವರ್ ಇಲ್ಲದೆ ಮೂಲೆ ಸೇರುತ್ತವೆ. ಹಣ ಕೊಡುವ ಮುಂಚೆ ಕಂಪನಿಯ ಸಹಾಯ ಪುಟದಲ್ಲಿ ಮಾದರಿಯ ಪೂರ್ತಿ ಹೆಸರು ಹಾಕಿ, ನಿಮ್ಮ ವಿಂಡೋಸ್ ಅಥವಾ ಮ್ಯಾಕ್ ಆವೃತ್ತಿಗೆ ಡ್ರೈವರ್ ಇದೆಯೇ ನೋಡಿ. ಎಆರ್‌ಎಂ ಎಂಬ ಬೇರೆ ಬಗೆಯ ಪ್ರೊಸೆಸರ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು, ಸಾಮಾನ್ಯ ವಿಂಡೋಸ್ ಡ್ರೈವರ್ ಓಡದಿರಬಹುದು.

ವಿಂಡೋಸಿನಲ್ಲಿ ಟ್ವೇನ್ ಮತ್ತು ವಿಯಾ ಎಂಬ ಎರಡು ಬಗೆಯ ಡ್ರೈವರ್ ಕೇಳಿಬರುತ್ತವೆ. ಟ್ವೇನ್ ಇದ್ದರೆ ಬಣ್ಣ, ಡಿಪಿಐ, ಕತ್ತಲೆ-ಬೆಳಕಿನ ಹಿಡಿತ ಸಾಮಾನ್ಯವಾಗಿ ಹೆಚ್ಚು ಸಿಗುತ್ತದೆ. ಲಿನಕ್ಸ್ ಬಳಸುವವರು, ಅದಕ್ಕೆ ಸ್ಕ್ಯಾನರ್ ಡ್ರೈವರ್ ಒದಗಿಸುವ ಸೇನ್ ಯೋಜನೆಯ ಬೆಂಬಲಿತ ಯಂತ್ರಗಳ ಪಟ್ಟಿ ನೋಡಿಯೇ ಕೊಳ್ಳಬೇಕು. ಹಳೆಯ ಯಂತ್ರವೊಂದು ಮನೆಯಲ್ಲಿ ಸುಮ್ಮನೆ ಕೂತಿದ್ದರೆ ಎಸೆಯುವ ಮುನ್ನ ವ್ಯೂಸ್ಕ್ಯಾನ್ ಎಂಬ ತಂತ್ರಾಂಶದ ಪರೀಕ್ಷಾ ಪ್ರತಿ ಹಾಕಿ ನೋಡಿ. ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಅದು, ಕಂಪನಿ ಕೈಬಿಟ್ಟ ಎಷ್ಟೋ ಮಾದರಿಗಳನ್ನು ಓಡಿಸುತ್ತದೆ.

ಹಂತ 7: ಅಂಗಡಿಯಲ್ಲಿ ಪರೀಕ್ಷೆ

ಬೆಳಗಾವಿಯ ಖಡೇಬಜಾರಿನಲ್ಲೋ ನಿಮ್ಮೂರ ಕಂಪ್ಯೂಟರ್ ಅಂಗಡಿಯಲ್ಲೋ ಯಂತ್ರ ತೆರೆದು ತೋರಿಸಲು ಒಪ್ಪಿದರೆ ಕೈಯಲ್ಲಿ ಇಷ್ಟು ಒಯ್ಯಿರಿ: ಒಂದು ಅಳತೆಪಟ್ಟಿ, ಒಂದು ಗ್ರಾಫ್ ಹಾಳೆ, ಒಂದು ಬಿಳಿ ಹಾಳೆ, ಸ್ವಲ್ಪ ಸುರುಳಿಯಾದ ಒಂದು ಫೋಟೊ. ಮೂಲ ದಾಖಲೆ ಒಯ್ಯಬೇಡಿ.

ಮೊದಲು ಅಳತೆಪಟ್ಟಿಯ ಒಂದು ತುದಿಯನ್ನು ಗಾಜಿನ ಮೇಲಿಟ್ಟು, ಇನ್ನೊಂದು ತುದಿಗೆ ಸುಮಾರು 1 ಸೆಂ.ಮೀ. ಎತ್ತರದ ವಸ್ತು ಕೊಟ್ಟು ಇಳಿಜಾರು ಮಾಡಿ ಸ್ಕ್ಯಾನ್ ಮಾಡಿ. ಯಾವ ಗುರುತಿನವರೆಗೆ ಗೆರೆ ಚೂಪಾಗಿದೆಯೋ ಅಲ್ಲಿಯವರೆಗೆ ಆ ಯಂತ್ರದ ಕಣ್ಣು. ಸಿಐಎಸ್‌ನಲ್ಲಿ ಬೇಗ ಮಸುಕಾಗುತ್ತದೆ, ಸಿಸಿಡಿಯಲ್ಲಿ ಬಹುದೂರ ಸಾಗುತ್ತದೆ. ಮಾರುವವರು ಏನೇ ಹೇಳಲಿ, ಈ ಒಂದು ಪರೀಕ್ಷೆ ಸೆನ್ಸರ್ ಯಾವುದೆಂದು ಹೇಳಿಬಿಡುತ್ತದೆ.

ಗ್ರಾಫ್ ಹಾಳೆಯಲ್ಲಿ ಚೌಕಗಳು ಚೌಕವಾಗಿಯೇ ಬರಬೇಕು. ಒಂದು ಕಡೆ ಹಿಗ್ಗಿ ಒಂದು ಕಡೆ ಕುಗ್ಗಿದ್ದರೆ ಒಳಗಿನ ಬೆಲ್ಟ್ ಸರಿಯಾಗಿ ಎಳೆಯುತ್ತಿಲ್ಲ. ಬಿಳಿ ಹಾಳೆಯನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿ. ಮೇಲಿಂದ ಕೆಳಗೆ ಒಂದೇ ಸಮನೆ ಗೆರೆ ಬಂದರೆ ಸೆನ್ಸರ್ ಮೇಲೆ ಅಥವಾ ಗಾಜಿನ ತುದಿಯ ಕೆಳಗೆ, ಯಂತ್ರ ಬಿಳಿ ಬಣ್ಣವನ್ನು ಹೊಂದಿಸಿಕೊಳ್ಳಲು ಓದುವ ಬಿಳಿ ಪಟ್ಟಿಯ ಮೇಲೆ ಧೂಳಿದೆ.

ಸೆಕೆಂಡ್ ಹ್ಯಾಂಡ್ ಸಿಸಿಡಿ ಯಂತ್ರವಾದರೆ ಇನ್ನೂ ಮೂರು ನೋಡಬೇಕು. ದೀಪ ಟ್ಯೂಬಿನದಾಗಿದ್ದರೆ ಬಿಸಿಯಾಗಲು ಸಮಯ ಬೇಕು. ಹಳೆಯ ಟ್ಯೂಬು ಮಂಕಾಗಿ ಬಣ್ಣ ಕೆಡಿಸುತ್ತದೆ, ಆದ್ದರಿಂದ ಆನ್ ಮಾಡಿದ ಕೂಡಲೇ ಒಮ್ಮೆ, ಹತ್ತು ನಿಮಿಷದ ಮೇಲೆ ಒಮ್ಮೆ ಸ್ಕ್ಯಾನ್ ಮಾಡಿ ಹೋಲಿಸಿ. ಗಾಜಿನ ಒಳಮೈಗೆ ಟಾರ್ಚು ಓರೆಯಾಗಿ ಬಿಡಿ: ಜೇಡರ ಬಲೆಯ ಎಳೆಯಂಥದ್ದು ಕಂಡರೆ ಬೂಷ್ಟು, ಒಳಗಿನ ಕನ್ನಡಿಗೂ ಹತ್ತಿರುವ ಸಾಧ್ಯತೆ ಇದೆ, ಬಿಟ್ಟುಬಿಡಿ. ಬೆಳಗಾವಿ, ಖಾನಾಪುರದ ಮಳೆಗಾಲ ಕಂಡ ಯಂತ್ರಗಳಲ್ಲಿ ಇದನ್ನು ಮರೆಯದೆ ನೋಡಿ. ಕೊನೆಯದಾಗಿ, ಕೆಳಗೆ ಅಥವಾ ಪಕ್ಕದಲ್ಲಿ ಸಾಗಣೆ ಲಾಕ್ ಇದೆಯೇ ಹುಡುಕಿ. ಇದ್ದರೆ ಒಯ್ಯುವಾಗ ಹಾಕಿ, ಮನೆಯಲ್ಲಿ ಕರೆಂಟು ಕೊಡುವ ಮುನ್ನ ತೆಗೆಯಿರಿ. ಲಾಕ್ ಹಾಕಿದಂತೆಯೇ ಆನ್ ಮಾಡಿದರೆ ಒಳಗಿನ ಗಾಡಿ ಕಟಕಟ ಸದ್ದು ಮಾಡಿ ನಿಲ್ಲುತ್ತದೆ. ಲಾಕ್ ಹಾಕದೆ ಬಸ್ಸಿನಲ್ಲಿ ತಂದರೆ ಕನ್ನಡಿಗಳು ಜರುಗುತ್ತವೆ.

ಹಂತ 8: ಮನೆಯಲ್ಲಿ ಕೂರಿಸುವುದು

ಅಲುಗಾಡದ ಮೇಜು ಬೇಕು. ಯುಎಸ್‌ಬಿ ಶಕ್ತಿಯ ಯಂತ್ರವನ್ನು ಜೊತೆಗೆ ಬಂದ ಕೇಬಲ್ಲಿನಿಂದಲೇ, ಹಬ್ ನಡುವೆ ಬಾರದಂತೆ ಕಂಪ್ಯೂಟರಿಗೆ ನೇರ ಜೋಡಿಸಿ. ಉದ್ದ ಕೇಬಲ್, ಅಗ್ಗದ ಹಬ್ ಬಳಸಿದರೆ ಸ್ಕ್ಯಾನ್ ಅರ್ಧಕ್ಕೆ ನಿಲ್ಲುತ್ತದೆ, ಜನ ಯಂತ್ರ ಕೆಟ್ಟಿದೆ ಎಂದು ತಿಳಿಯುತ್ತಾರೆ. ಅಡಾಪ್ಟರ್ ಇರುವ ಯಂತ್ರಕ್ಕೆ ವೋಲ್ಟೇಜ್ ಏರಿಳಿತ ತಡೆಯುವ ಬೋರ್ಡ್ ಕೊಡಿ.

ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಧೂಳು ಶತ್ರು, ಬೆಳಗಾವಿಯ ಮಳೆಗಾಲದಲ್ಲಿ ತೇವ. ಬಳಸದಾಗ ಬಟ್ಟೆ ಮುಚ್ಚಿ, ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕವರಿನಲ್ಲಿಡಿ. ಗಾಜು ಒರೆಸಲು ಮೈಕ್ರೋಫೈಬರ್ ಬಟ್ಟೆಯನ್ನು ತುಸುವೇ ತೇವ ಮಾಡಿ ಬಳಸಿ. ಗಾಜಿನ ಮೇಲೆ ನೇರ ಸಿಂಪಡಿಸಿದರೆ ದ್ರವ ಅಂಚಿನಿಂದ ಒಳಗೆ ಇಳಿದು, ತೆಗೆಯಲಾಗದ ಮಂಜು ಬಿಡುತ್ತದೆ. ಫೀಡರ್ ಇದ್ದರೆ ದೊಡ್ಡ ಗಾಜಿನ ಪಕ್ಕದ ಕಿರಿದಾದ ಗಾಜಿನ ಪಟ್ಟಿಯನ್ನೂ ಒರೆಸಿ. ಫೀಡರಿನಿಂದ ಬಂದ ಎಲ್ಲ ಹಾಳೆಗಳಲ್ಲೂ ಒಂದೇ ಜಾಗದಲ್ಲಿ ಉದ್ದ ಗೆರೆ ಬಿದ್ದು, ಫ್ಲಾಟ್‌ಬೆಡ್‌ನಲ್ಲಿ ಬೀಳದಿದ್ದರೆ ತಪ್ಪು ಆ ಪಟ್ಟಿಯ ಮೇಲಿನ ಒಂದು ಕಣದ್ದು.

ಹಂತ 9: ಮೊದಲ ಸ್ಕ್ಯಾನ್

ಡ್ರೈವರಿನ ಆಟೋ ಆಯ್ಕೆ ಬಿಟ್ಟು, ಕೈಯಾರೆ ಆರಿಸುವ ವಿಭಾಗಕ್ಕೆ ಹೋಗಿ. ತಾನಾಗಿ ಬಣ್ಣ ತಿದ್ದುವುದು, ತಾನಾಗಿ ಚೂಪು ಮಾಡುವುದು ಎರಡನ್ನೂ ಆಫ್ ಮಾಡಿ. ತಿದ್ದುವ ಕೆಲಸ ಪ್ರತಿಯ ಮೇಲೆ ಆಮೇಲೆ ಮಾಡಬಹುದು, ಯಂತ್ರವೇ ಅಳಿಸಿದ ವಿವರ ಮತ್ತೆ ಬರದು.

ದಾಖಲೆಗಳನ್ನು ಬಣ್ಣದಲ್ಲೇ ಮಾಡಿ. "ಬ್ಲ್ಯಾಕ್ ಆ್ಯಂಡ್ ವೈಟ್" ಆರಿಸಿದರೆ ಪ್ರತಿ ಚುಕ್ಕಿ ಒಂದೋ ಪೂರ್ತಿ ಕಪ್ಪು ಇಲ್ಲವೇ ಪೂರ್ತಿ ಬಿಳಿ. ನೇರಳೆ ಮೊಹರು, ಹೆಬ್ಬೆಟ್ಟು, ಮಾಸಿದ ಸಹಿ ಹಾರಿಹೋಗುತ್ತವೆ. ತೆಳು ಕಾಗದದಲ್ಲಿ ಹಿಂಬದಿಯ ಬರಹ ಮೂಡಿ ಕಾಣುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಡ್ರಾಯಿಂಗ್ ಕಾಗದ ಇಡಿ. ಮುಚ್ಚಳದ ಬಿಳಿ ಬಣ್ಣ ಬೆಳಕನ್ನು ವಾಪಸ್ ಕಳಿಸುವುದರಿಂದಲೇ ಹಿಂಬದಿ ಕಾಣುವುದು, ಕಪ್ಪು ಅದನ್ನು ಹೀರಿಕೊಳ್ಳುತ್ತದೆ. ಹಳದಿ ಕಲೆ ಬಿದ್ದ ಕಾಗದದ ಬಣ್ಣದ ಸ್ಕ್ಯಾನನ್ನು ಗಿಂಪ್‌ನಂಥ ಉಚಿತ ತಂತ್ರಾಂಶದಲ್ಲಿ ತೆರೆದು ಕೆಂಪು ಚಾನೆಲ್ (ಚಿತ್ರದ ಕೆಂಪು ಬಣ್ಣದ ಭಾಗ) ಮಾತ್ರ ನೋಡಿ: ಕಲೆ ಬಹಳಷ್ಟು ಮರೆಯಾಗಿ ಕಪ್ಪು ಮಸಿ ಎದ್ದು ಕಾಣುತ್ತದೆ. ನೇರಳೆ ಮೊಹರು ಓದಲು ಹಸಿರು ಚಾನೆಲ್ ನೋಡಿ.

ಕನ್ನಡ ಅಚ್ಚನ್ನು ಹುಡುಕಬಹುದಾದ ಪಠ್ಯ ಮಾಡಿಕೊಳ್ಳಲು ಒಸಿಆರ್, ಅಂದರೆ ಚಿತ್ರದಿಂದ ಅಕ್ಷರ ಗುರುತಿಸುವ ವ್ಯವಸ್ಥೆ ಬೇಕು. ನ್ಯಾಪ್ಸ್2 ಎಂಬ ಉಚಿತ ಸ್ಕ್ಯಾನ್ ತಂತ್ರಾಂಶದಲ್ಲಿ ಟೆಸರಾಕ್ಟ್ ಒಸಿಆರ್ ಸೇರಿದೆ, ಕನ್ನಡ ಭಾಷೆಯನ್ನು ಇಳಿಸಿಕೊಂಡು ಬಳಸಬಹುದು. 300 ಡಿಪಿಐಗಿಂತ ಕೆಳಗಿದ್ದರೆ ಒತ್ತಕ್ಷರಗಳು ತಪ್ಪಾಗುತ್ತವೆ. ಕೈಬರಹಕ್ಕೆ, ಮೋಡಿಗೆ ಇದನ್ನು ನಂಬಬೇಡಿ.

ಫೋಟೊಗಳಿಗೆ ಮೊದಲು ಗಾಳಿ ಬಲ್ಬ್, ಮೆತ್ತನೆ ಬ್ರಷ್ ಹಿಡಿದು ಧೂಳು ತೆಗೆಯಿರಿ. ನೀರು, ಸ್ಪಿರಿಟ್ ಬೇಡ. ಬೂಷ್ಟಿನ ವಾಸನೆ ಇದ್ದರೆ ನೆರಳಿನಲ್ಲಿ ಗಾಳಿಗೆ ಒಣಗಿಸಿ, ಆಮೇಲೆ ಗಾಜಿನ ಮೇಲಿಡಿ. ಪ್ಲಾಸ್ಟಿಕ್ ಹಾಳೆಯ ಅಂಟು ಆಲ್ಬಮ್ಮಿನಿಂದ ಫೋಟೊ ಸುಲಭವಾಗಿ ಬಾರದಿದ್ದರೆ ಹಿಂಬದಿಗೆ ತೆಳು ನೂಲನ್ನು ಗರಗಸದಂತೆ ಸರಿಸಿ ಬಿಡಿಸಿ. ಆಗಲೂ ಬಾರದಿದ್ದರೆ ಪುಟ ಸಮೇತ ಸ್ಕ್ಯಾನ್ ಮಾಡಿ. ಕಪ್ಪು-ಬಿಳುಪು ಫೋಟೊವನ್ನೂ ಬಣ್ಣದಲ್ಲೇ ಓದಿಸಿ, ಕಲೆ ತಿದ್ದಲು ಅನುಕೂಲ. ಜೇನುಗೂಡಿನಂಥ ಉಬ್ಬುತಗ್ಗಿನ ಕಾಗದದ ಫೋಟೊಗಳಲ್ಲಿ ಬಿಳಿ ಚುಕ್ಕಿ ಮಿನುಗಿದರೆ, ಫೋಟೊವನ್ನು 180 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಓದಿಸಿ ಎರಡನ್ನೂ ಬೆರೆಸಬೇಕು. ಬೆಳಕು ಒಂದೇ ಬದಿಯಿಂದ ಬೀಳುವುದರಿಂದ ಹೀಗಾಗುತ್ತದೆ. ಲಗ್ನಪತ್ರಿಕೆ, ಪತ್ರಿಕೆಯ ತುಣುಕಿನಲ್ಲಿ ಅಲೆಅಲೆಯಾದ ನಮೂನೆ ಕಂಡರೆ ಡ್ರೈವರಿನಲ್ಲಿ "ಡಿಸ್ಕ್ರೀನ್" ಆನ್ ಮಾಡಿ, ಅದು ಅಚ್ಚಿನ ಚುಕ್ಕಿಗೂ ಸ್ಕ್ಯಾನಿನ ಚುಕ್ಕಿಗೂ ಆಗುವ ತಿಕ್ಕಾಟ. ನಿಜವಾದ ಫೋಟೊಗೆ ಮಾತ್ರ ಅದನ್ನು ಹಾಕಬೇಡಿ.

ಹಂತ 10: ಉಳಿಸುವುದು

ಫೋಟೊದ ಮೂಲ ಪ್ರತಿಯನ್ನು ವಿವರ ಕಳೆಯದ ಟಿಫ್ ಫೈಲ್ ಆಗಿ ಉಳಿಸಿ, ಹಂಚಲು ಜೆಪೆಗ್ ಮಾಡಿಕೊಳ್ಳಿ. ಜೆಪೆಗ್ ಪ್ರತಿ ಸಲ ತಿದ್ದಿ ಉಳಿಸಿದಾಗಲೂ ಸ್ವಲ್ಪ ವಿವರ ಬಿಡುತ್ತದೆ. 4×6ರ 500 ಫೋಟೊಗಳ 600 ಡಿಪಿಐ ಟಿಫ್‌ಗಳು ಒಟ್ಟು 13 ಜಿಬಿಯಷ್ಟೇ, ಜಾಗಕ್ಕೆ ಹೆದರಬೇಕಿಲ್ಲ. ದಾಖಲೆಗಳಿಗೆ ಪಿಡಿಎಫ್. ಆನ್‌ಲೈನ್ ಅರ್ಜಿಗಳು ಕೇಳುವ ಸಣ್ಣ ಫೈಲನ್ನು ಮೂಲದ ನಕಲಿನಿಂದ ಕುಗ್ಗಿಸಿ, ಮೂಲವನ್ನು ಮುಟ್ಟಬೇಡಿ. ಖರೀದಿ ಪತ್ರದ ಸ್ಕ್ಯಾನ್ ಮೂಲ ಪತ್ರಕ್ಕೆ ಬದಲಿಯಲ್ಲ, ಮೂಲ ಹಾಗೇ ಜೋಪಾನವಾಗಿರಲಿ.

ಹೆಸರು ಇಡುವಾಗ ವರ್ಷ ಮೊದಲು ಬರಲಿ: 1987-05-ಮದುವೆ-03 ಎಂಬಂತೆ. ಕನ್ನಡದಲ್ಲೇ ಬರೆಯಿರಿ, ಆದರೆ ಯೂನಿಕೋಡ್‌ನಲ್ಲಿ ಬರೆಯಿರಿ. ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪಿಸಿದ ಹೆಸರು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಫೋಟೊದ ಹಿಂಬದಿಯಲ್ಲಿ ಬರಹವಿದ್ದರೆ ಅದನ್ನೂ ಸ್ಕ್ಯಾನ್ ಮಾಡಿ ಅದೇ ಸಂಖ್ಯೆಗೆ "ಹಿಂಬದಿ" ಎಂದು ಸೇರಿಸಿ. ಫೋಟೊದಲ್ಲಿ ಯಾರ್‍ಯಾರಿದ್ದಾರೆಂದು ಮನೆಯ ಹಿರಿಯರನ್ನು ಕೇಳಿ, ಎಡದಿಂದ ಬಲಕ್ಕೆ ಹೆಸರು ಬರೆದ ಒಂದು ಪಠ್ಯ ಫೈಲನ್ನು ಅದೇ ಫೋಲ್ಡರಿನಲ್ಲಿಡಿ.

ಪ್ರತಿಗಳು ಮೂರು ಇರಲಿ: ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಇನ್ನೊಂದು ಬೇರೆ ಊರಿನ ಅಣ್ಣತಮ್ಮಂದಿರ ಮನೆಯಲ್ಲೋ ಕ್ಲೌಡಿನಲ್ಲೋ. ಪೆನ್ ಡ್ರೈವ್ ಒಯ್ಯಲು ಮಾತ್ರ, ವರ್ಷಗಟ್ಟಲೆ ಕಾಯ್ದಿಡಲು ಅಲ್ಲ. ವರ್ಷಕ್ಕೊಮ್ಮೆ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಾರ್ಡ್ ಡಿಸ್ಕ್ ಜೋಡಿಸಿ, ಬೇರೆ ಬೇರೆ ಫೋಲ್ಡರುಗಳಿಂದ ಹತ್ತು ಫೈಲು ತೆರೆದು ನೋಡಿ. ಒಂದಾದರೂ ತೆರೆಯದಿದ್ದರೆ ಅಂದೇ ಹೊಸ ಡಿಸ್ಕಿಗೆ ನಕಲು ಮಾಡಿ.